ಓದುಗರ ಪ್ರಶ್ನೆ: ಚೀನೀ ಪಾಠಕ್ಕೆ ಕನ್ನಡದ ಕಿವಿ

ಮಂಜೇಶ್ವರದಿಂದ ಹೊಸೂರಿನವರೆಗೆ ಗಡಿನಾಡಿನ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಚೀನೀ ಭಾಷೆಯ ಕಲಿಕೆಗೆ ಸಂಬಂಧಿಸಿದವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಚೀನೀ ಮಾತುಗಳನ್ನು ಕಿವಿಗೆ ಕೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇವೆ. ಪಕ್ಕದಲ್ಲಿ 1ರಿಂದ 4ರವರೆಗಿನ ಅಂಕೆ ಇದ್ದರೆ ಅದು ಆ ಮಾತಿನ ಧಾಟಿ, ಅಂದರೆ ದನಿಯ ಏರಿಳಿತ.

ಬದಿಯಡ್ಕದ ವಿದ್ಯಾರ್ಥಿನಿ: ಪ್ಲಸ್ ಟು ಮುಗಿಸಿದ್ದೇನೆ, ಎಂಬಿಬಿಎಸ್ ಓದಲು ಚೀನಾಕ್ಕೆ ಹೋಗುವುದೆಂದು ಆಗಿದೆ. ಈಗ ಆನ್‌ಲೈನ್ ಕ್ಲಾಸಿನಲ್ಲಿ ಚೀನೀ ಕಲಿಯುತ್ತಿದ್ದೇನೆ. ಪಿನ್‌ಯಿನ್ ನೋಡಿ ಗಟ್ಟಿಯಾಗಿ ಓದಿದರೆ ಟೀಚರ್ ಪ್ರತಿ ಪದಕ್ಕೂ ತಿದ್ದುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ರೋಮನ್ ಅಕ್ಷರ ಕಂಡ ಕೂಡಲೇ ಇಂಗ್ಲಿಷಿನಂತೆ ಓದಿಬಿಡುತ್ತೀರಿ. ತೊಂದರೆ ಶುರುವಾಗುವುದು ಅಲ್ಲಿಂದಲೇ. ಪಿನ್‌ಯಿನ್ ಎಂಬುದು ಚೀನಾ 1958ರ ಫೆಬ್ರವರಿಯಲ್ಲಿ ಅಧಿಕೃತವಾಗಿ ಒಪ್ಪಿಕೊಂಡ, ಚೀನೀ ಉಚ್ಚಾರವನ್ನು ತೋರಿಸುವ ಬರವಣಿಗೆಯ ಕ್ರಮ. ಅಕ್ಷರ ರೋಮನ್ನಿನದಾದರೂ ಅವುಗಳಿಗೆ ಅಲ್ಲಿ ಕೊಟ್ಟಿರುವ ಉಚ್ಚಾರ ಬೇರೆ. ಅದನ್ನು ಹಿಡಿಯಲು ಇಂಗ್ಲಿಷಿಗಿಂತ ನಮ್ಮ ವರ್ಣಮಾಲೆ ಎಷ್ಟೋ ಒಳ್ಳೆಯ ದಾರಿ.

ಕ ಖ ಗ ಘ, ಚ ಛ ಜ ಝ ಎಂಬ ವರ್ಗಾಕ್ಷರದ ಸಾಲುಗಳನ್ನು ನೆನಪಿಸಿಕೊಳ್ಳಿ. ಚೀನಿಗೆ ಪ್ರತಿ ಸಾಲಿನ ಮೊದಲ ಎರಡು ಅಕ್ಷರ ಸಾಕು, ಮೂರನೆಯದೂ ನಾಲ್ಕನೆಯದೂ ಬೇಡ. ಪಿನ್‌ಯಿನ್ನಿನಲ್ಲಿ 'ಬಿ' ಎಂದು ಬರೆದಿದ್ದರೆ ಅದು ನಮ್ಮ ಪ, 'ಪಿ' ಎಂದಿದ್ದರೆ ಅದರ ಮಹಾಪ್ರಾಣ. 'ಡಿ' ಅಂದರೆ ತ, 'ಟಿ' ಅಂದರೆ ಥ. 'ಜಿ' ಅಂದರೆ ಕ, 'ಕೆ' ಅಂದರೆ ಖ. 'ಜೆ' ಅಂದರೆ ಚ, 'ಕ್ಯು' ಅಂದರೆ ಛ. ಹಾಗಾಗಿ ನಾವು ಬೀಜಿಂಗ್ ಎಂದು ಓದುವ ಊರು ಅಲ್ಲಿಯವರ ಬಾಯಲ್ಲಿ ಹೆಚ್ಚುಕಡಿಮೆ ಪೆಯ್‌ಚಿಂಗ್. 'ದಯವಿಟ್ಟು' ಎಂಬ ಅರ್ಥದ ಮಾತು ಛಿಂಗ್-3. ಅದನ್ನು ಕ್ವಿಂಗ್ ಎಂದು ಓದಿದರೆ ಯಾರಿಗೂ ಅರ್ಥವಾಗುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ನಮ್ಮ ಕಡೆ ಮಹಾಪ್ರಾಣ ಬರವಣಿಗೆಯಲ್ಲಿ ಇರುವಷ್ಟು ಬಾಯಲ್ಲಿ ಇಲ್ಲ. 'ಖರ್ಚು' ಎಂದು ಬರೆದು 'ಕರ್ಚು' ಎನ್ನುತ್ತೇವೆ. ಫ ಅಂತೂ ತುಟಿಗೆ ಹಲ್ಲು ತಾಗಿಸುವ ಇಂಗ್ಲಿಷಿನ ಎಫ್ ಆಗಿಹೋಗಿದೆ. ಚೀನಿಯಲ್ಲಿ ಈ ಉಸಿರೇ ಅರ್ಥವನ್ನು ಬೇರೆ ಮಾಡುತ್ತದೆ. ಹಳೆಯ ಪೇಪರಿನಿಂದ ಹೆಬ್ಬೆರಳಗಲದ ಒಂದು ಪಟ್ಟಿ ಹರಿದು ಬಾಯಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿಯಿರಿ. ಪಾವ್-3 (ಹೊಟ್ಟೆ ತುಂಬಿದೆ) ಎಂದಾಗ ಕಾಗದ ಅಲುಗಬಾರದು. ಫಾವ್-3 (ಓಡು) ಎಂದಾಗ ಹಾರಬೇಕು. ಕೋವ್-3 ನಾಯಿ, ಖೋವ್-3 ಬಾಯಿ. ನೀವು ಡಾಕ್ಟರಾಗುವವರು, ಮುಂದಿನ ಜೋಡಿಯನ್ನು ಮರೆಯಲೇಬೇಡಿ. ರೋಗಿ 'ತೂ-4ತ್ಸ್ ಥಂಗ್-2' ಎಂದರೆ ಹೊಟ್ಟೆ ನೋಯುತ್ತಿದೆ ಎಂದರ್ಥ. ಮೊದಲ ತಕಾರಕ್ಕೆ ಉಸಿರು ಸೇರಿ ಥೂತ್ಸ್ ಆದರೆ ಹೊಟ್ಟೆ ಹೋಗಿ ಮೊಲವಾಗುತ್ತದೆ. ದಿನಕ್ಕೆ ಹದಿನೈದು ನಿಮಿಷ ಇಂಥ ಜೋಡಿಗಳನ್ನೇ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಟೀಚರ್ ಹೇಳಿದ್ದರ ಪಕ್ಕದಲ್ಲಿಟ್ಟು ಕೇಳಿ.

ಸ, ಶ, ಷ ಮೂರೂ ಚೀನಿಯಲ್ಲಿ ಬೇರೆ ಬೇರೆ. ಪಿನ್‌ಯಿನ್ನಿನ 'ಎಸ್' ನಮ್ಮ ಸ. 'ಎಕ್ಸ್' ಶ. 'ಎಸ್‌ಎಚ್' ಎಂದರೆ ನಾಲಗೆ ಮಡಚಿ ಹೇಳುವ ನಿಜವಾದ ಷ. ಮಾತಿನಲ್ಲಿ ಶ, ಷ ಎರಡನ್ನೂ ಒಂದೇ ಮಾಡಿಕೊಂಡವರು ಪುನಃ ಬೇರೆ ಮಾಡಬೇಕಾಗುತ್ತದೆ. 'ಜೆಡ್‌ಎಚ್', 'ಸಿಎಚ್' ಎಂದರೆ ನಾಲಗೆಯ ತುದಿಯನ್ನು ಟ ಹೇಳುವ ಜಾಗಕ್ಕೆ ಒಯ್ದು ಹೇಳುವ ಚ ಮತ್ತು ಛ. ಬರೀ 'ಜೆಡ್' ತ್ಸ, ಬರೀ 'ಸಿ' ಅದೇ ತ್ಸಕ್ಕೆ ಉಸಿರು ಕೂಡಿದ್ದು. ಪಲ್ಯ, ತರಕಾರಿ ಎರಡಕ್ಕೂ ಇರುವ ತ್ಸಾಯ್-4 ಎಂಬ ಮಾತನ್ನು ಹೊಸಬರು 'ಕೈ' ಎಂದು ಓದುವುದು ಈ 'ಸಿ' ನೋಡಿಯೇ.

ಕಾಸರಗೋಡಿನವರಿಗೆ ಇನ್ನೆರಡು ಅನುಕೂಲಗಳಿವೆ. ಪಿನ್‌ಯಿನ್ನಿನ 'ಆರ್' ನಮ್ಮ ರ ಅಲ್ಲ, ಮಲಯಾಳದ 'ಮೞ' (ಮಳೆ) ಎಂಬಲ್ಲಿ ಬರುವ ೞಕ್ಕೆ ತೀರ ಹತ್ತಿರ. ತಮಿಳಿನಲ್ಲೂ ಅದಿದೆ, ಹಳಗನ್ನಡದಲ್ಲೂ ಇತ್ತು. 'ಮನುಷ್ಯ' ಎಂಬುದಕ್ಕೆ ೞನ್-2. ಬೆಂಗಳೂರಿನವರು ವಾರಗಟ್ಟಲೆ ಒದ್ದಾಡುವ ಈ ಧ್ವನಿ ನಿಮಗೆ ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕಿವಿಗೆ ಬೀಳುತ್ತದೆ. ಎರಡನೆಯದು, ತುಳುವಿನಲ್ಲೂ ಮಲಯಾಳದಲ್ಲೂ ಪದದ ಕೊನೆಗೆ ಬರುವ ಅರೆ ಉಕಾರ. ತ್ಸ್, ಸ್, ಷ್‌ಗಳ ನಂತರ ಪಿನ್‌ಯಿನ್ನಿನಲ್ಲಿ 'ಐ' ಬರೆದಿದ್ದರೂ ಅಲ್ಲಿ ಇಕಾರ ಇಲ್ಲ, ಆ ಅರೆ ಉಕಾರದ ಹತ್ತಿರದ ಸದ್ದು ಇದೆ. ಹಾಗಾಗಿ ನಾಲ್ಕು ಎಂಬುದು 'ಸೀ' ಅಲ್ಲ, ಸ್-4. ಹತ್ತು ಎಂಬುದು ಷ್-2.

ನಮಗೆ ಯಾರಿಗೂ ಇಲ್ಲದ್ದು ಎರಡು ಚುಕ್ಕಿಯ 'ಯು'. ಬಾಯೊಳಗೆ ಈ ಹೇಳುತ್ತಾ ತುಟಿಯನ್ನು ಮಾತ್ರ ಊ ಹೇಳುವ ಹಾಗೆ ಉರುಟು ಮಾಡಿ. 'ಜೆ', 'ಕ್ಯು', 'ಎಕ್ಸ್', 'ವೈ' ಆದ ಮೇಲೆ ಬರುವಾಗ ಆ ಚುಕ್ಕಿಗಳನ್ನು ಬರೆಯುವುದಿಲ್ಲ, ಸದ್ದು ಮಾತ್ರ ಅದೇ.

ಪುಸ್ತಕದಲ್ಲಿ ಪಿನ್‌ಯಿನ್ನಿನ ಪಕ್ಕ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಳ್ಳಬಹುದು. ಒಂದು ತಿಂಗಳ ನಂತರ ಅಳಿಸಿಬಿಡಿ. ಕನ್ನಡದಲ್ಲಿ ಧಾಟಿ ತೋರಿಸುವ ಗುರುತಿಲ್ಲ, ಅದನ್ನೇ ನೋಡಿ ಓದುತ್ತಾ ಹೋದರೆ ಮಾತು ಚಪ್ಪಟೆಯಾಗುತ್ತದೆ.

ಕುಂಬಳೆಯ ವ್ಯಾಪಾರಿ: ಸಾಮಾನು ತರಲು ಚೀನಾದ ಯಿವೂ ಪೇಟೆಗೆ ಹೋಗಿಬರುತ್ತೇನೆ. ಸಂಜೆ ಕ್ಲಾಸಿಗೆ ಸೇರಿದ್ದೇನೆ. ಧಾಟಿ ತಪ್ಪಿದರೂ ಸಂದರ್ಭ ನೋಡಿ ಅರ್ಥವಾಗುವುದಿಲ್ಲವೇ?

ಉತ್ತರ: ನಿಮ್ಮ ವ್ಯಾಪಾರಕ್ಕೇ ತಾಗುವ ಒಂದು ಜೋಡಿ ಹೇಳುತ್ತೇವೆ. ಮಾಯ್-3 ಎಂದರೆ ಕೊಳ್ಳುವುದು, ಮಾಯ್-4 ಎಂದರೆ ಮಾರುವುದು. ಅಂಗಡಿಯ ಮುಂದೆ ನಿಂತಾಗ ಎರಡೂ ಸಂದರ್ಭಕ್ಕೆ ಹೊಂದುತ್ತವೆ. ಹಾಗಿರುವಾಗ ಕೇಳುವವನು ಏನೆಂದು ಊಹಿಸಬೇಕು?

ಒಂದನೇ ಧಾಟಿ ಶ್ರುತಿಪೆಟ್ಟಿಗೆಯ ಹಾಗೆ ಮೇಲೆ ಒಂದೇ ಸಮ. ಎರಡನೆಯದು ಸರಿಯಾಗಿ ಕೇಳದಿದ್ದಾಗ 'ಹಾಂ?' ಎನ್ನುತ್ತೇವಲ್ಲ, ಹಾಗೆ ಏರುತ್ತದೆ. ನಾಲ್ಕನೆಯದು ಮಗುವಿಗೆ 'ಸಾಕು!' ಎಂದು ಗದರಿದ ಹಾಗೆ ಮೇಲಿನಿಂದ ಥಟ್ಟನೆ ಇಳಿಯುತ್ತದೆ. ಮೂರನೆಯದನ್ನು ಪುಸ್ತಕದಲ್ಲಿ ಇಳಿದು ಏರುವ ಗೆರೆಯಾಗಿ ತೋರಿಸುತ್ತಾರೆ. ಮಾತಿನ ನಡುವೆ ಬಂದಾಗ ಅದು ಏರುವುದೇ ಇಲ್ಲ, ಕೆಳಗೇ ನಿಲ್ಲುತ್ತದೆ. ಪ್ರತಿ ಸಲ ಪೂರ್ತಿ ಇಳಿದು ಏರಲು ಹೋದರೆ ವಾಕ್ಯ ತಡವರಿಸುತ್ತದೆ. ಮೂರನೇ ಧಾಟಿಯ ಎರಡು ಮಾತು ಒಟ್ಟಿಗೆ ಬಂದರೆ ಮೊದಲನೆಯದು ಎರಡನೇ ಧಾಟಿಯಾಗುತ್ತದೆ. ನಮಸ್ಕಾರಕ್ಕೆ ಹೇಳುವ ನೀ-3 ಹಾವ್-3 ಎಂಬುದು ಬಾಯಲ್ಲಿ ನೀ-2 ಹಾವ್-3. ಬರೆಯುವಾಗ ಮಾತ್ರ ಮೂರರ ಗುರುತನ್ನೇ ಹಾಕಬೇಕು.

ನಮ್ಮವರು ಹೆಚ್ಚು ತಪ್ಪುವುದು ಪ್ರಶ್ನೆ ಕೇಳುವಾಗ. ನಾವು ವಾಕ್ಯದ ಕೊನೆಗೆ ದನಿ ಏರಿಸುತ್ತೇವೆ, ಆಗ ಕೊನೆಯ ಪದದ ಧಾಟಿ ಹಾಳಾಗುತ್ತದೆ. 'ಬರುತ್ತೀಯಾ' ಎಂಬಲ್ಲಿಯ ಆಕಾರದ ಕೆಲಸವನ್ನು ಚೀನಿಯಲ್ಲಿ ಕೊನೆಗೆ ಬರುವ 'ಮ' ಮಾಡುತ್ತದೆ. ಪ್ರಶ್ನೆಯನ್ನು ಅದರ ಪಾಲಿಗೆ ಬಿಟ್ಟು ಉಳಿದ ಪದಗಳ ಧಾಟಿ ಕಾಪಾಡಿಕೊಳ್ಳಿ.

ಉಪ್ಪಳದ ಅಜ್ಜಿ: ಮಗ, ಸೊಸೆ ಸಿಂಗಾಪುರದಲ್ಲಿದ್ದಾರೆ. ಮೂರನೇ ಕ್ಲಾಸಿನ ಮೊಮ್ಮಗಳು ಅಲ್ಲಿ ಶಾಲೆಯಲ್ಲಿ ಚೀನೀ ಕಲಿಯುತ್ತಾಳೆ. ಜೂನ್ ರಜೆಗೆ ಬರುವಾಗ ಹೋಂವರ್ಕಿನ ಒಂದು ಕಟ್ಟೇ ತಂದಿದ್ದಾಳೆ. ನನಗೂ ಅಜ್ಜನಿಗೂ ಒಂದಕ್ಷರ ಬಾರದು. ನಾವು ಎಂತ ಸಹಾಯ ಮಾಡಬಹುದು?

ಉತ್ತರ: ಅಮ್ಮಾ, ಭಾಷೆ ಬಾರದೆಯೇ ಮಾಡಬಹುದಾದ ಕೆಲಸ ತುಂಬ ಇದೆ. ಸಿಂಗಾಪುರದ ಶಾಲೆಗಳಲ್ಲಿ ಎರಡನೆಯ ಭಾಷೆಯಾಗಿ ಕನ್ನಡ ಸಿಗುವುದಿಲ್ಲ, ಹಾಗಾಗಿ ನಮ್ಮ ಕೆಲವು ಮಕ್ಕಳು ಚೀನಿ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಆ ಭಾಷೆ ಕಿವಿಗೆ ಬೀಳದ ಮಗುವಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಥಿಂಗ್‌ಶಿಯೆ, ಅಂದರೆ ಟೀಚರ್ ಹೇಳಿದ್ದನ್ನು ಕೇಳಿ ಬರೆಯುವ ಉಕ್ತಲೇಖನ.

ಮೊದಲು ಪುಸ್ತಕ ಸರಿ ಮಾಡಿಕೊಳ್ಳಿ. ಚೀನೀ ಅಕ್ಷರ ಬರೆಯುವ ಪುಸ್ತಕದಲ್ಲಿ ಪ್ರತಿ ಚೌಕದ ನಡುವೆ ಅಡ್ಡ ಒಂದು, ಉದ್ದ ಒಂದು ಚುಕ್ಕಿಗೆರೆ ಇರುತ್ತದೆ. ಅದು ಉಪ್ಪಳದಲ್ಲಿ ಸಿಕ್ಕದಿದ್ದರೆ ಬೇಜಾರಿಲ್ಲ. ಲೆಕ್ಕದ ಚೌಕುಳಿ ಪುಸ್ತಕ ತನ್ನಿ, ಮೇಲೆ ಎರಡು ಕೆಳಗೆ ಎರಡು ಸೇರಿಸಿ ನಾಲ್ಕು ಚೌಕಕ್ಕೆ ಸುತ್ತ ಪೆನ್ನಿನಲ್ಲಿ ದಪ್ಪ ಗೆರೆ ಎಳೆಯಿರಿ. ಒಳಗಿನ ಗೆರೆಗಳೇ ಆ ಚುಕ್ಕಿಗೆರೆಗಳ ಕೆಲಸ ಮಾಡುತ್ತವೆ. ಒಂದು ದೊಡ್ಡ ಚೌಕಕ್ಕೆ ಒಂದೇ ಅಕ್ಷರ. ಪಾಠಪುಸ್ತಕದ ಅಕ್ಷರದಲ್ಲಿ ಯಾವ ಗೆರೆ ನಡುಗೆರೆಯ ಎಡಕ್ಕೆ, ಯಾವುದು ಬಲಕ್ಕೆ ಎಂದು ಅವಳಿಂದಲೇ ಕೇಳಿ ನೋಡಿ.

ಬರೆಯುವಾಗ ಅವಳ ಕೈ ನೋಡುತ್ತಾ ಪಕ್ಕದಲ್ಲಿ ಕೂತುಕೊಳ್ಳಿ. ಅಕ್ಷರವನ್ನು ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಬರೆಯಬೇಕು. ಅಡ್ಡಗೆರೆ ಮೊದಲು, ಅದನ್ನು ದಾಟುವ ಉದ್ದಗೆರೆ ಆಮೇಲೆ. 'ಮರ' ಎಂಬ ಅಕ್ಷರಕ್ಕೆ ನಾಲ್ಕೇ ಗೆರೆ: ಅಡ್ಡ ಒಂದು, ಉದ್ದ ಒಂದು, ಎಡಕ್ಕೆ ಇಳಿಯುವ ಕೊಂಬೆ, ಬಲಕ್ಕೆ ಇಳಿಯುವ ಕೊಂಬೆ. 'ದೇಶ' ಎಂಬುದರ ಸುತ್ತ ಗೋಡೆಯಿದೆ. ಗೋಡೆಯ ಮೂರು ಬದಿ ಮೊದಲು ಕಟ್ಟಿ, ಒಳಗಿನದನ್ನು ತುಂಬಿ, ಕೊನೆಗೆ ಕೆಳಗಿನ ಗೆರೆ ಎಳೆದು ಬಾಗಿಲು ಹಾಕಬೇಕು. ಪೂರ್ತಿ ಚೌಕ ಮೊದಲೇ ಬರೆದು ಒಳಗೆ ತುರುಕಿದರೆ ಕ್ರಮ ತಪ್ಪಿತೆಂದೇ ಲೆಕ್ಕ. ಒಟ್ಟು ಎಂಟು ಗೆರೆ, ಎಣಿಸಿ ನೋಡಿ.

ಮಕ್ಕಳು ಬೇಗ ಮುಗಿಸಲು ಮಾಡುವ ಒಂದು ಉಪಾಯವನ್ನು ನೀವು ಅಲ್ಲಲ್ಲೇ ಹಿಡಿಯಬೇಕು. ಒಂದೇ ಅಕ್ಷರವನ್ನು ಹತ್ತು ಸಲ ಬರೆಯಲಿಕ್ಕಿದ್ದರೆ ಹತ್ತು ಚೌಕಗಳಲ್ಲೂ ಮೊದಲು ಎಡಭಾಗ ಬರೆದುಕೊಂಡು ಹೋಗುತ್ತಾರೆ, ಆಮೇಲೆ ಹಿಂದೆ ಬಂದು ಬಲಭಾಗ ಸೇರಿಸುತ್ತಾರೆ. ಪುಟವೇನೋ ತುಂಬುತ್ತದೆ, ಆದರೆ ಇಡೀ ಅಕ್ಷರವನ್ನು ಕೈ ಒಮ್ಮೆಯೂ ಬರೆದಿರುವುದಿಲ್ಲ. ಪರೀಕ್ಷೆಯಲ್ಲಿ ಎಡಭಾಗ ಬರೆದು ಪೆನ್ಸಿಲ್ ನಿಂತುಬಿಡುತ್ತದೆ. ಹತ್ತು ಸಲ ಬೇಡ, ನೋಡಿ ಮೂರು ಸಲ, ಮುಚ್ಚಿ ಒಂದು ಸಲ ಬರೆಸಿ. ದಿನಕ್ಕೆ ಹೊಸತು ಐದು ಪದ, ಹಳೆಯದು ಐದು.

ಉಕ್ತಲೇಖನಕ್ಕೆ ಅವಳದೇ ದನಿಯಲ್ಲಿ ಹತ್ತು ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿ. ಒಂದೊಂದು ಪದ ಎರಡು ಸಲ, ನಡುವೆ ಹತ್ತು ಸೆಕೆಂಡ್ ಬಿಡುವು. ಉಚ್ಚಾರದ ಅನುಮಾನ ಇದ್ದರೆ ಸಿಂಗಾಪುರಕ್ಕೆ ವಾಟ್ಸಾಪ್ ಮಾಡಿ ಅವಳ ಸಹಪಾಠಿಯಿಂದ ಹೇಳಿಸಿದರೆ ಇನ್ನೂ ಒಳ್ಳೆಯದು. ಮರುದಿನ ಅದನ್ನು ಹಾಕಿ ಬರೆಸಿ. ತಿದ್ದುವಾಗ ಪುಸ್ತಕದ ಅಕ್ಷರದ ಪಕ್ಕ ಬೆರಳಿಟ್ಟು ಗೆರೆ ಎಣಿಸುವುದು ನಿಮ್ಮ ಕೆಲಸ. ಉದ್ದ, ಗಿಡ್ಡವನ್ನೂ ನೋಡಿ. 'ಮಣ್ಣು' ಎಂಬ ಅಕ್ಷರದಲ್ಲಿ ಎರಡು ಅಡ್ಡಗೆರೆಗಳಿವೆ, ಕೆಳಗಿನದು ಉದ್ದ. ಮೇಲಿನದು ಉದ್ದವಾದರೆ ಅದು 'ವಿದ್ವಾಂಸ' ಎಂಬ ಬೇರೆಯೇ ಅಕ್ಷರ.

ಅಕ್ಷರಗಳನ್ನು ಒಡೆದು ನೋಡಲು ಅವಳಿಗೆ ಹೇಳಿಕೊಡಿ. 'ಅಮ್ಮ' ಎಂಬ ಮಾ-1ರಲ್ಲಿ ಎಡಗಡೆ ಹೆಣ್ಣು, ಬಲಗಡೆ ಕುದುರೆ. ಹೆಣ್ಣು ಅರ್ಥ ಹೇಳುತ್ತದೆ. ಕುದುರೆಗೆ ಅಲ್ಲಿ ಅರ್ಥವಿಲ್ಲ, ಅದರ ಹೆಸರು ಮಾ-3 ಆದ್ದರಿಂದ ಸದ್ದು ಮಾತ್ರ ಕೊಡುತ್ತದೆ. ಹಾಗೆಯೇ ಛಿಂಗ್ ಎಂಬ ಸದ್ದಿನ ಒಂದು ಭಾಗವಿದೆ. ಅದರ ಎಡಕ್ಕೆ ನೀರಿನ ಮೂರು ಹನಿ ಇಟ್ಟರೆ 'ತಿಳಿ', ಸೂರ್ಯನನ್ನು ಇಟ್ಟರೆ 'ಮೋಡವಿಲ್ಲದ ದಿನ', ಹೃದಯ ಇಟ್ಟರೆ 'ಭಾವನೆ', ಮಾತು ಇಟ್ಟರೆ 'ದಯವಿಟ್ಟು'. ಮಕ್ಕಳಿಗೆ ಇದು ಆಟದ ಹಾಗೆ ಹಿಡಿಸುತ್ತದೆ.

ಪುಟದ ಮೇಲಿರುವ ಸೂಚನೆ ಓದಲು ಬಾರದೆ ಉತ್ತರ ತಪ್ಪುವುದೂ ಇದೆ. ಅವಳಿಂದ ಸೂಚನೆಯನ್ನು ಗಟ್ಟಿಯಾಗಿ ಓದಿಸಿ. ತ್ಸೂತ್ಸ್ ಎಂದರೆ ಕೊಟ್ಟ ಅಕ್ಷರಕ್ಕೆ ಇನ್ನೊಂದು ಸೇರಿಸಿ ಪದ ಮಾಡುವುದು. ತ್ಸಾವ್‌ಚ್ಯೂ ಎಂದರೆ ಕೊಟ್ಟ ಪದ ಬಳಸಿ ಸ್ವಂತ ವಾಕ್ಯ. ಥಿಯೆನ್‌ಖೋಂಗ್ ಬಿಟ್ಟ ಸ್ಥಳ ತುಂಬುವುದು, ಲಿಯೆನ್‌ಶಿಯೆನ್ ಗೆರೆ ಎಳೆದು ಹೊಂದಿಸುವುದು, ಖಾನ್ ಥೂ ಶಿಯೆ ಹ್ವಾ ಚಿತ್ರ ನೋಡಿ ಬರೆಯುವುದು. ತ್ಸಾವ್‌ಚ್ಯೂ ಕೇಳಿದಲ್ಲಿ ಪಾಠದ ವಾಕ್ಯವನ್ನೇ ನಕಲು ಮಾಡುವ ಮಕ್ಕಳು ತುಂಬ. 'ಮರ' ಕೊಟ್ಟರೆ ನಿಮ್ಮ ಅಂಗಳದ ಮಾವಿನ ಮರದ ಬಗ್ಗೆ ಒಂದು ವಾಕ್ಯ ಕನ್ನಡದಲ್ಲಿ ಹೇಳಿಸಿ, ಆಮೇಲೆ ಚೀನಿಗೆ ತರಲಿ.

ಮುಳ್ಳೇರಿಯದ ವಿದ್ಯಾರ್ಥಿ: ಚೀನಾದಲ್ಲಿ ಮೊದಲ ವರ್ಷ ಓದುತ್ತಿದ್ದೇನೆ. ಭಾಷಾ ತರಗತಿಯಲ್ಲಿ ಬರೆದುಕೊಟ್ಟ ಉತ್ತರಗಳೆಲ್ಲ ಕೆಂಪಾಗಿ ವಾಪಸು ಬರುತ್ತವೆ. ಪದ ಸರಿ ಇದೆ, ಜೋಡಣೆ ತಪ್ಪು ಎನ್ನುತ್ತಾರೆ. ನಾನು ಮೊದಲು ಇಂಗ್ಲಿಷಿನಲ್ಲಿ ಯೋಚಿಸಿ ಬರೆಯುತ್ತೇನೆ.

ಉತ್ತರ: ಕಾರಣವನ್ನು ಕೊನೆಯ ವಾಕ್ಯದಲ್ಲಿ ನೀವೇ ಬರೆದಿದ್ದೀರಿ. ಕನ್ನಡದಲ್ಲಿ ಯೋಚಿಸಿ ನೋಡಿ. 'ನಾನು ನಾಳೆ ಬೆಳಗ್ಗೆ ಎಂಟಕ್ಕೆ ಲೈಬ್ರರಿಯಲ್ಲಿ ಪುಸ್ತಕ ಓದುತ್ತೇನೆ' ಎಂಬುದು ಚೀನಿಯಲ್ಲಿ 'ವೋ ಮಿಂಗ್‌ಥಿಯೆನ್ ತ್ಸಾವ್‌ಷಂಗ್ ಪಾ ತಿಯೆನ್ ತ್ಸಾಯ್ ಥೂಷೂಕ್ವಾನ್ ಖಾನ್ ಷೂ'. ನಾನು, ನಾಳೆ, ಬೆಳಗ್ಗೆ, ಎಂಟು ಗಂಟೆ, ಲೈಬ್ರರಿಯಲ್ಲಿ: ಇಲ್ಲಿಯವರೆಗೆ ಅದೇ ಸಾಲು. ಕೊನೆಯ ಎರಡು ಮಾತ್ರ ಅದಲು ಬದಲು, 'ಪುಸ್ತಕ ಓದು' ಹೋಗಿ 'ಓದು ಪುಸ್ತಕ'. ಇಂಗ್ಲಿಷಿನಿಂದ ಹೊರಟವರು ಹೊತ್ತನ್ನೂ ಜಾಗವನ್ನೂ ವಾಕ್ಯದ ಬಾಲಕ್ಕೆ ಕಟ್ಟುತ್ತಾರೆ, ಅಲ್ಲಿಗೇ ಕೆಂಪು ಶಾಯಿ ಬೀಳುತ್ತದೆ.

'ನಾನು ನಿನ್ನೆ ಕೊಂಡ ಪುಸ್ತಕ' ಎಂಬಲ್ಲಿ ಅದಲು ಬದಲೂ ಬೇಡ. ವೋ (ನಾನು) ತ್ಸ್ವೋಥಿಯೆನ್ (ನಿನ್ನೆ) ಮಾಯ್-3 ತ (ಕೊಂಡ) ಷೂ (ಪುಸ್ತಕ). ವಿವರಣೆ ಎಷ್ಟೇ ಉದ್ದವಿದ್ದರೂ ನಾಮಪದಕ್ಕಿಂತ ಮೊದಲೇ ಬರುತ್ತದೆ, ನಡುವೆ 'ತ' ಎಂಬ ಕೊಂಡಿ.

ಪ್ರಶ್ನೆಗೆ ಉತ್ತರಿಸುವುದೂ ಕನ್ನಡದಷ್ಟೇ ಸಲೀಸು. 'ನೀ ಛ್ಯೂ ನಾರ್?' ಅಂದರೆ ನೀನು ಹೋಗುವುದು ಎಲ್ಲಿಗೆ. ಪ್ರಶ್ನಪದ ಕುಳಿತ ಜಾಗದಲ್ಲೇ ಉತ್ತರವನ್ನು ಕೂರಿಸಿ, ಉಳಿದದ್ದನ್ನು ಮುಟ್ಟಬೇಡಿ. 'ಬರುತ್ತೀಯಾ?' ಎಂದರೆ ನಾವು 'ಬರುತ್ತೇನೆ' ಎನ್ನುವ ಹಾಗೆ ಅವರೂ ಕ್ರಿಯಾಪದವನ್ನೇ ತಿರುಗಿ ಹೇಳುತ್ತಾರೆ. ಎಲ್ಲದಕ್ಕೂ ಷ್-4 ('ಆಗಿದೆ', 'ಹೌದು') ಎಂದು ಉತ್ತರ ಶುರು ಮಾಡುವುದು ಇಂಗ್ಲಿಷಿನ 'ಯೆಸ್' ಅಭ್ಯಾಸ.

ಆ ಷ್-4 ಇನ್ನೊಂದು ಕಡೆಯೂ ತೊಂದರೆ ಕೊಡುತ್ತದೆ. 'ಅವಳು ಎತ್ತರ' ಎನ್ನಲು ನಮಗೆ 'ಇದ್ದಾಳೆ' ಬೇಡ, ಅವರಿಗೂ ಷ್ ಬೇಡ. ಥಾ ಹನ್ ಕಾವ್, ಅಷ್ಟೇ. ಇದರಲ್ಲಿನ ಹನ್-3ಕ್ಕೆ 'ತುಂಬ' ಎಂಬ ಅರ್ಥವಿದ್ದರೂ ಇಲ್ಲಿ ಒತ್ತಿಲ್ಲದೆ ವಾಕ್ಯ ಕೂಡಿಸಲು ನಿಲ್ಲುತ್ತದೆ. ಅದನ್ನು ಬಿಟ್ಟರೆ 'ಇನ್ನೊಬ್ಬಳಿಗಿಂತ ಎತ್ತರ' ಎಂದು ಹೋಲಿಸಿದ ಹಾಗೆ ಕೇಳುತ್ತದೆ.

'ಮನೆಗೆ ಹೋಗಿ ಊಟ ಮಾಡಿದೆ' ಎಂಬುದನ್ನು 'ಹೋದೆ ಮತ್ತು ಊಟ ಮಾಡಿದೆ' ಎಂದು ಮಾಡಿ, 'ಮತ್ತು'ವಿಗೆ ಹ-2 ಹಾಕುವುದು ಬಹಳ ಜನ ಮಾಡುವ ತಪ್ಪು. ಹ-2 ನಾಮಪದಗಳನ್ನು ಕೂಡಿಸಲು ಬಳಸುವ ಮಾತು, ಎರಡು ವಾಕ್ಯಗಳಿಗೆ ಅದನ್ನು ಹಾಕಬಾರದು. ನಮ್ಮ 'ಹೋಗಿ'ಯ ಹಾಗೆ ಕ್ರಿಯೆಗಳನ್ನು ನಡೆದ ಸಾಲಿನಲ್ಲಿಟ್ಟರೆ ಸಾಕು.

ಕ್ರಿಯಾಪದದ ನಂತರ ಬರುವ 'ಲ' ಭೂತಕಾಲದ ಗುರುತಲ್ಲ, ಕೆಲಸ ಮುಗಿಯಿತೆಂದು ಅಥವಾ ಸ್ಥಿತಿ ಬದಲಾಯಿತೆಂದು ಹೇಳುತ್ತದೆ. 'ನಿನ್ನೆ ಸೆಕೆ ಇತ್ತು' ಎಂಬಲ್ಲಿ ಅದಕ್ಕೆ ಜಾಗವಿಲ್ಲ. ಇಲ್ಲ ಎನ್ನುವಾಗ ಇಂಗ್ಲಿಷನ್ನು ಮರೆತು 'ಹೋಗುವುದಿಲ್ಲ', 'ಹೋಗಲಿಲ್ಲ' ಎಂಬ ನಮ್ಮ ಎರಡು ರೂಪಗಳನ್ನು ನೆನೆಯಿರಿ. ಮೊದಲನೆಯದು ಪೂ ಛ್ಯೂ, ಎರಡನೆಯದು ಮೆಯ್ ಛ್ಯೂ. ಮೆಯ್ ಬಂದ ಕಡೆ ಈ 'ಲ' ಬರಬಾರದು. ಕೆಂಪು ಶಾಯಿ ಬೀಳುವ ಜಾಗಗಳಲ್ಲಿ ಇದೂ ಒಂದು.

ಎಣಿಕೆ ಹೇಳುವಾಗ 'ಮೂರು ಮಂದಿ' ಎಂಬಲ್ಲಿಯ 'ಮಂದಿ'ಯಂಥ ಮಾತು ಅವರಲ್ಲಿ ಎಲ್ಲ ವಸ್ತುಗಳಿಗೂ ಇದೆ. ಪುಸ್ತಕಕ್ಕೆ ಪನ್-3, ಕಾಗದ, ಮೇಜಿನಂಥ ಚಪ್ಪಟೆಯದಕ್ಕೆ ಚಾಂಗ್-1, ನದಿ, ಮೀನು, ದಾರಿಯಂಥ ಉದ್ದನೆಯದಕ್ಕೆ ಥಿಯಾವ್-2. ಎಲ್ಲದಕ್ಕೂ ಕ-4 ಹಾಕಿದರೆ ಮಾತಿನಲ್ಲಿ ನಡೆಯುತ್ತದೆ, ಉತ್ತರಪತ್ರಿಕೆಯಲ್ಲಿ ಅಂಕ ಹೋಗುತ್ತದೆ. ಹೊಸ ನಾಮಪದ ಬರೆದುಕೊಳ್ಳುವಾಗ ಅದರ ಎಣಿಕೆಮಾತನ್ನೂ ಜೊತೆಗೇ ಬರೆದುಕೊಳ್ಳಿ.

ಮಂಜೇಶ್ವರದ ವಿದ್ಯಾರ್ಥಿನಿ: 'ನನ್ನ ಊರು' ಎಂದು 200 ಅಕ್ಷರಗಳ ಪ್ರಬಂಧ ಬರೆಯಲು ಹೇಳಿದ್ದಾರೆ. ಚೌಕದ ಕಾಗದದಲ್ಲಿ ಹೇಗೆ ಬರೆಯಬೇಕು? ನಮ್ಮ ಅಡಿಕೆ, ಹಲಸಿಗೆಲ್ಲ ಚೀನಿಯಲ್ಲಿ ಎಂತ ಹೇಳುತ್ತಾರೆ?

ಉತ್ತರ: ಸಾಲಿಗೆ 20 ಚೌಕದಂತೆ 20 ಸಾಲು ಇರುವ ಕಾಗದವಾದರೆ ಪುಟಕ್ಕೆ 400 ಅಕ್ಷರ, ನಿಮಗೆ ಅರ್ಧ ಪುಟ ಸಾಕು. ತಲೆಬರಹ ಮೊದಲ ಸಾಲಿನ ನಡುವೆ. ಪ್ರತಿ ಪ್ಯಾರಾದ ಶುರುವಿಗೆ ಎರಡು ಚೌಕ ಖಾಲಿ. ಅಕ್ಷರಕ್ಕೊಂದು ಚೌಕ, ಪದಗಳ ನಡುವೆ ಜಾಗ ಬಿಡಬಾರದು. ಅಲ್ಪವಿರಾಮಕ್ಕೂ ಪೂರ್ಣವಿರಾಮಕ್ಕೂ ಒಂದೊಂದು ಚೌಕ. ಪೂರ್ಣವಿರಾಮ ಚುಕ್ಕಿಯಲ್ಲ, ಚೌಕದ ಕೆಳಗೆ ಎಡಮೂಲೆಯಲ್ಲಿ ಸಣ್ಣ ಸೊನ್ನೆ. ಈ ಚಿಹ್ನೆಗಳನ್ನು ಸಾಲಿನ ಮೊದಲ ಚೌಕಕ್ಕೆ ತರಬಾರದು, ಹಿಂದಿನ ಸಾಲಿನ ಕೊನೆಯ ಅಕ್ಷರದ ಜೊತೆಗೇ ಹಾಕಬೇಕು. 'ತೆಂಗು, ಅಡಿಕೆ, ಗೇರು' ಎಂದು ಪಟ್ಟಿ ಮಾಡುವಾಗ ಮಾಮೂಲು ಅಲ್ಪವಿರಾಮ ಬಳಸದೆ ಎಡದಿಂದ ಬಲಕ್ಕೆ ಇಳಿಯುವ ಒಂದು ಸಣ್ಣ ಬೇರೆ ಚಿಹ್ನೆ ಹಾಕುತ್ತಾರೆ. ಇದು ತಪ್ಪಿದವರೇ ಹೆಚ್ಚು. ಅಂಕಿಗಳಾದರೆ ಚೌಕಕ್ಕೆ ಎರಡು. ತಾರೀಕು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ.

ಊರು ಎಲ್ಲಿದೆ ಎಂಬುದರಿಂದ ಶುರು ಮಾಡಿ: ಭಾರತ (ಯಿನ್‌ತೂ), ಕೇರಳ (ಖಾಲಾಲಾ ಪಾಂಗ್), ಆಮೇಲೆ ಊರು. ದೊಡ್ಡದರಿಂದ ಸಣ್ಣದಕ್ಕೆ ಬರುವುದು ಅವರ ಕ್ರಮ. ನೈಋತ್ಯಕ್ಕೆ ಅವರು ಶೀನಾನ್, ಅಂದರೆ 'ಪಡು-ತೆಂಕು' ಎನ್ನುತ್ತಾರೆ. ಇಂಗ್ಲಿಷ್ ನೋಡಿ 'ತೆಂಕು-ಪಡು' ಎಂದು ತಿರುಗಿಸಬೇಡಿ.

ಇನ್ನು ನಿಮ್ಮ ತೋಟ. ತೆಂಗಿನಕಾಯಿ ಯೇತ್ಸ್. ಅಡಿಕೆ ಪಿನ್‌ಲಾಂಗ್. ಅದನ್ನು ಚೀನಾದವರಿಗೆ ವಿವರಿಸುವುದೇ ಬೇಡ, ಹೈನಾನ್ ದ್ವೀಪದಲ್ಲಿ ಬೆಳೆಯುತ್ತಾರೆ, ಹುನಾನ್ ಪ್ರಾಂತ್ಯದಲ್ಲಿ ಸಿಪ್ಪೆ ಸಮೇತ ಒಣಗಿಸಿ ಜಗಿಯುತ್ತಾರೆ. ನಮ್ಮಲ್ಲಿ ವೀಳ್ಯದೆಲೆ ಸುಣ್ಣದ ಜೊತೆ ಎಂದು ಒಂದು ವಾಕ್ಯ ಬರೆದರೆ ಟೀಚರಿಗೆ ಹೊಸತಾಗಿ ಕಾಣುತ್ತದೆ. ಗೇರುಬೀಜಕ್ಕೆ ಯಾವ್‌ಕ್ವೋ, ಮೂತ್ರಪಿಂಡದ ಆಕಾರದ ಹಣ್ಣು. ಕಾಳುಮೆಣಸು ಹೂಚಿಯಾವ್, ಅದರ 'ಹೂ' ಎಂದರೆ ಹೊರನಾಡಿನದು. ಹಲಸಿನ ಹೆಸರು ಪೋಲ್ವೋಮೀ. ಬೌದ್ಧರ 'ಪಾರಮಿತಾ' ಎಂಬ ಸಂಸ್ಕೃತದ ಮಾತು ಚೀನಿಗೆ ಹೋದಾಗ ಪಡೆದ ರೂಪವೂ ಇದೇ. ನಾವು ಚೀನಿಕಾಯಿ ಎಂದು ಕರೆಯುವ ಸಿಹಿಗುಂಬಳವನ್ನು ಅವರು ನಾನ್‌ಕ್ವಾ, ಅಂದರೆ 'ತೆಂಕಣದ ಕಾಯಿ' ಎನ್ನುತ್ತಾರೆ.

ಭಾಷೆಯ ಹೆಸರು ಬರೆಯುವಾಗ ಜಾಗ್ರತೆ. ಕನ್ನಡಕ್ಕೆ ಖಾನಾತಾ ಎಂದು ಬರೆದು ಕೊನೆಗೆ 'ಭಾಷೆ' ಎಂಬರ್ಥದ ಯ್ಯೂ ಸೇರಿಸುತ್ತಾರೆ. ಕೆನಡಾ ದೇಶಕ್ಕೆ ಚಿಯಾನಾತಾ. ಫೋನಿನಲ್ಲಿ ಅವಸರದಿಂದ ಹುಡುಕಿದವರ ಪ್ರಬಂಧದಲ್ಲಿ ಒಂದು ಹೋಗಿ ಇನ್ನೊಂದು ಬರುವುದುಂಟು. ಬರೆದ ಮೇಲೆ ಆ ಎರಡು ಹೆಸರುಗಳ ಮೊದಲ ಅಕ್ಷರ ಹೋಲಿಸಿ ನೋಡಿಕೊಳ್ಳಿ.

ಹೊಸೂರಿನ ಓದುಗರು: ಮಗಳು ಹೋಂವರ್ಕನ್ನು ಫೋನಿನ ಅನುವಾದದಲ್ಲಿ ಮಾಡಿ ಕಳಿಸುತ್ತಾಳೆ. ಇದು ಸರಿಯೇ?

ಉತ್ತರ: ಪದ ಹುಡುಕಲು ಫೋನ್ ಇರಲಿ, ವಾಕ್ಯಕ್ಕೆ ಬೇಡ. ಯಂತ್ರ ಕೊಡುವ ವಾಕ್ಯದಲ್ಲಿ ಅವಳಿನ್ನೂ ಕಲಿಯದ ಪದಗಳು ತುಂಬಿರುತ್ತವೆ, ಟೀಚರಿಗೆ ಮೊದಲ ಸಾಲಿಗೇ ಗೊತ್ತಾಗುತ್ತದೆ. ಪ್ಲೆಕೋ ಎಂಬ ನಿಘಂಟು ಆ್ಯಪ್ ಉಚಿತವಾಗಿ ಸಿಗುತ್ತದೆ, ಬೆರಳಿನಲ್ಲಿ ಅಕ್ಷರ ಗೀಚಿ ಹುಡುಕಬಹುದು.

ಟೈಪ್ ಮಾಡಿ ಕೊಡುವ ಹೋಂವರ್ಕ್ ಆದರೆ ಕೀಬೋರ್ಡಿಗೆ ಸರಳ ಚೀನಿಯ ಪಿನ್‌ಯಿನ್ ಸೇರಿಸಿಕೊಳ್ಳಿ. ಎರಡು ಚುಕ್ಕಿಯ 'ಯು' ಬೇಕಾದಲ್ಲಿ 'ವಿ' ಒತ್ತಬೇಕು, 'ಹೆಣ್ಣು' ಎಂಬುದಕ್ಕೆ 'ಎನ್', 'ವಿ'. ಒಂದೊಂದೇ ಅಕ್ಷರ ಒತ್ತಿದರೆ ಒಂದೇ ಸದ್ದಿನ ಹತ್ತಾರು ಅಕ್ಷರಗಳ ಸಾಲು ಬರುತ್ತದೆ, ಪೂರ್ತಿ ಪದ ಒತ್ತಿದರೆ ಸರಿಯಾದದ್ದು ಮುಂದೆ ಬರುತ್ತದೆ. ಉಸಿರಿಲ್ಲದ ತ್ಸಾಯ್-4 ಎಂಬ ಸದ್ದಿಗೆ 'ಅಲ್ಲಿ ಇರು', 'ಪುನಃ' ಎಂಬ ಎರಡು ಅಕ್ಷರಗಳಿವೆ. 'ಅವನು', 'ಅವಳು', 'ಅದು' ಮೂರೂ ಥಾ-1, ಬರೆಯುವುದು ಮಾತ್ರ ಬೇರೆ. ಕಳಿಸುವ ಮುಂಚೆ ಇವನ್ನಾದರೂ ಅವಳು ಕಣ್ಣಿಟ್ಟು ನೋಡಬೇಕು.

ಪೆರ್ಲದ ತಂದೆ: ಮಗ ಸೇರುವ ಮೆಡಿಕಲ್ ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲೇ ಎನ್ನುತ್ತಾರೆ. ಮತ್ತೆ ಚೀನೀ ಪರೀಕ್ಷೆ ಯಾಕೆ?

ಉತ್ತರ: ಪಾಠ ಇಂಗ್ಲಿಷಿನಲ್ಲೇ ಇರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಇಂಗ್ಲಿಷ್ ಮಾಧ್ಯಮ, ಕನಿಷ್ಠ 54 ತಿಂಗಳ ಓದು, 12 ತಿಂಗಳ ಇಂಟರ್ನ್‌ಶಿಪ್ ಬೇಕೇ ಬೇಕು. ಆದರೆ ವಾರ್ಡಿನ ರೋಗಿಗಳು ಇಂಗ್ಲಿಷ್ ಮಾತಾಡುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಪದವಿ ವಿದ್ಯಾರ್ಥಿಗಳೂ ಮುಗಿಸುವ ಹೊತ್ತಿಗೆ ಚೀನಿಯಲ್ಲಿ ನಾಲ್ಕನೇ ಹಂತ ತಲುಪಿರಬೇಕೆಂದು ಚೀನಾ 2018ರಲ್ಲೇ ಹೇಳಿದೆ. ಅದಕ್ಕೆ ಬರೆಯುವ ಪರೀಕ್ಷೆ ಎಚ್‌ಎಸ್‌ಕೆ.

ಆರು ಹಂತಗಳ ಎಚ್‌ಎಸ್‌ಕೆ ಪಟ್ಟಿಯಲ್ಲಿ ಮೊದಲ ಹಂತಕ್ಕೆ 150 ಪದ, ಎರಡಕ್ಕೆ 300, ಮೂರಕ್ಕೆ 600, ನಾಲ್ಕಕ್ಕೆ 1200. ಮೊದಲ ಎರಡರಲ್ಲಿ ಪ್ರಶ್ನೆಗಳ ಜೊತೆ ಪಿನ್‌ಯಿನ್ ಇರುತ್ತದೆ, ಬರವಣಿಗೆ ಇಲ್ಲ, 200ಕ್ಕೆ 120 ಬಂದರೆ ಪಾಸು. ಮೂರರಿಂದ ಪಿನ್‌ಯಿನ್ ಇಲ್ಲ, ಬರವಣಿಗೆ ಸೇರುತ್ತದೆ, 300ಕ್ಕೆ 180 ಬೇಕು. ಎರಡನ್ನು ಸುಲಭವಾಗಿ ದಾಟಿದವರು ಮೂರರಲ್ಲಿ ಎಡವುವುದು ಇಲ್ಲೇ, ಅಷ್ಟು ದಿನ ಕಣ್ಣು ಪಿನ್‌ಯಿನ್ನನ್ನೇ ಓದಿರುತ್ತದೆ. ಎರಡನೇ ಹಂತದ ಓದಿನಲ್ಲಿರುವಾಗಲೇ ಪಿನ್‌ಯಿನ್ ಸಾಲಿನ ಮೇಲೆ ಸ್ಕೇಲ್ ಇಟ್ಟು ಮುಚ್ಚಿ ಓದಲು ಮಗನಿಗೆ ಹೇಳಿ. 2021ರಲ್ಲಿ ಒಂಬತ್ತು ಹಂತಗಳ ಹೊಸ ಮಾನದಂಡ ಬಂದಿದೆ, ಅದರಲ್ಲಿ ಮೊದಲ ಹಂತಕ್ಕೇ 500 ಪದ. ಪುಸ್ತಕ ಕೊಳ್ಳುವ ಮುಂಚೆ ಯಾವ ಪಟ್ಟಿಯ ಪ್ರಕಾರ ಪರೀಕ್ಷೆ ಎಂದು ಕೇಂದ್ರದಲ್ಲಿ ಕೇಳಿಕೊಳ್ಳಿ.

ಅಕ್ಕಲಕೋಟೆಯ ಶಿಕ್ಷಕರು: ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಚೀನಿಯನ್ನು ಒಂದು ವಿಷಯವಾಗಿ ಕಲಿಯುವ ಅವಕಾಶ ಇದೆಯೇ?

ಉತ್ತರ: 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಗೆ ಉದಾಹರಿಸಿದ ವಿದೇಶಿ ಭಾಷೆಗಳಲ್ಲಿ ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್ ಮೊದಲಾದವು ಇವೆ. ಕರಡಿನಲ್ಲಿದ್ದ ಚೀನೀ ಕೊನೆಯ ಪ್ರತಿಯಲ್ಲಿಲ್ಲ. ಶಾಲೆಯ ನಂತರ ಅವಕಾಶವಿದೆ. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ 1937ರಲ್ಲಿ ಶುರುವಾದ ಚೀನಾ ಭವನ ಈಗಲೂ ಕಲಿಸುತ್ತಿದೆ, ದೆಹಲಿಯ ಜೆಎನ್‌ಯುನಲ್ಲಿ ಬಿಎಯಿಂದಲೇ ಓದಬಹುದು. ಎರಡೂ ಕಡೆ ಮೊದಲೇ ಚೀನೀ ಬರಬೇಕೆಂದಿಲ್ಲ.

ತಾಳವಾಡಿಯ ಓದುಗರು: ಸರಳ ಅಕ್ಷರ, ಹಳೆಯ ಅಕ್ಷರ ಎಂದು ಎರಡು ಬಗೆ ಇದೆಯಂತೆ. ಯಾವುದನ್ನು ಕಲಿಯಬೇಕು?

ಉತ್ತರ: ಚೀನಾ, ಸಿಂಗಾಪುರ, ಮಲೇಷ್ಯಾಕ್ಕಾದರೆ ಸರಳ, ತೈವಾನ್, ಹಾಂಗ್‌ಕಾಂಗಿಗಾದರೆ ಹಳೆಯದು. 'ಕುದುರೆ'ಗೆ ಸರಳದಲ್ಲಿ ಮೂರು ಗೆರೆ, ಹಳೆಯದರಲ್ಲಿ ಹತ್ತು. ಒಂದೇ ಉತ್ತರದಲ್ಲಿ ಎರಡನ್ನೂ ಬೆರೆಸಿದರೆ ತಪ್ಪೆಂದು ಎಣಿಸುತ್ತಾರೆ. ಹಾಗಾಗಿ ನಿಘಂಟು, ಕೀಬೋರ್ಡ್, ಪಾಠಪುಸ್ತಕ ಮೂರೂ ಒಂದೇ ಬಗೆಯದೇ ಎಂದು ಮೊದಲ ದಿನವೇ ನೋಡಿಕೊಳ್ಳಿ.